ಎಣ್ಣೆ ತಲೆಗೆ ಎಣ್ಣೆಯದೇ ಶಾಂಪೂ

"ತಲೆ ಜಿಡ್ಡು ತೆಗೆಯೋಕೆ ಮನೆಯಲ್ಲೇ ಕೊಬ್ಬರಿ ಎಣ್ಣೆಯಿಂದ ಶಾಂಪೂನಾ? ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗಾಯ್ತಲ್ಲೇ!" ಅಂತ ರಘು ಶುರು ಹಚ್ಕೊಂಡ.

ಸುಮಾ ಜಗ್ಗೋಳಲ್ಲ. "ಕ್ಷಾರದ ಜೊತೆ ಸೇರಿದ ಮೇಲೆ ಅದು ಎಣ್ಣೆಯಾಗಿ ಎಲ್ಲಿ ಉಳಿಯುತ್ತೆ? ಸೋಪಾಗುತ್ತೆ, ಜೊತೆಗೆ ಒಂದಿಷ್ಟು ಗ್ಲಿಸರಿನ್. ಕೊಬ್ಬರಿ ಎಣ್ಣೆಯಲ್ಲಿ ಲಾರಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ ಜಾಸ್ತಿ. ಅದರ ಸೋಪು ಜಿಡ್ಡಿನ ಮೇಲೆ ಕರುಣೆ ತೋರಿಸಲ್ಲ."

"ನನ್ನ ಹತ್ರ ಕಾಸ್ಟಿಕ್ ಸೋಡಾ ಇದೆ," ಅಂದ್ಲು ಪದ್ಮಾ.

"ಅದರಿಂದ ಗಟ್ಟಿ ಬಿಲ್ಲೆಯಾಗುತ್ತೆ ಮಾರಾಯ್ತಿ. ದ್ರವ ಸೋಪಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡೇ ಬೇಕು. 100 ಗ್ರಾಂ ಕೊಬ್ಬರಿ ಎಣ್ಣೆಗೆ, ಪುಡಿ ಶೇ. 90ರಷ್ಟು ಶುದ್ಧವಾಗಿದ್ರೆ, ಸುಮಾರು 28 ಗ್ರಾಂ. ಶೇ. 2ರಷ್ಟು ಎಣ್ಣೆ ಮಾತ್ರ ಸೋಪಾಗದೆ ಉಳಿಯುತ್ತೆ."

"ಚಮಚದ ಲೆಕ್ಕದಲ್ಲಿ ಹೇಳೇ."

"ಚಮಚ ಹಿಡ್ಕೊಂಡು ಬಂದೋರಿಗೆ ನಾನು ಹೇಳಿಕೊಡಲ್ಲ. ತಕ್ಕಡಿ ತಗೊಂಡು ಬಾ."

ಇಲ್ಲಿ ಸುಮಾ ಹಟ ಸರಿಯೇ ಅನ್ನಿಸ್ತು ನನಗೆ. ಕ್ಷಾರ ಹೆಚ್ಚಾದ್ರೆ ಉರಿಯೋದು ತಲೆಚರ್ಮ, ಎಣ್ಣೆ ಹೆಚ್ಚಾದ್ರೆ ಶಾಂಪೂ ಮೋಡಗಟ್ಟುತ್ತೆ. ಕೈಗವಸು, ಕನ್ನಡಕ ಹಾಕ್ಕೊಂಡು ಪುಡೀನ ನೀರಿಗೆ ಸುರೀಬೇಕು. ಪುಡಿ ಮೇಲೆ ನೀರು ಸುರಿದ್ರೆ ಸಿಡಿದು ಮುಖಕ್ಕೇ ಬರುತ್ತೆ. ಸ್ಟೀಲ್ ಪಾತ್ರೆ ಆಗಬಹುದು. ಅಲ್ಯೂಮಿನಿಯಂ ಪಾತ್ರೇನ ಕ್ಷಾರ ತಿಂದು ಹೈಡ್ರೋಜನ್ ಬಿಡುತ್ತೆ. ಆ ನೀರನ್ನ ಎಣ್ಣೆಗೆ ಸೇರಿಸಿ, ಸಣ್ಣ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ರೆ ಅರೆಪಾರದರ್ಶಕ ಮುದ್ದೆ. ಅದಕ್ಕೆ ಎರಡು ಪಾಲು ಬಿಸಿ ಡಿಸ್ಟಿಲ್ಡ್ ನೀರು ಸೇರಿಸಿದ್ರೆ ದ್ರವ ಸೋಪು ಸಿದ್ಧ.

"ಆಯ್ತಲ್ಲ, ತಲೆಗೆ ಹಾಕೋದೇ?" ಅಂದ ರಘು.

"ತಡಿಯೋ. ಸೋಪಿನ ಪಿಹೆಚ್, ಅಂದ್ರೆ ಆಮ್ಲ-ಕ್ಷಾರದ ಅಳತೆ, 9ರಿಂದ 10. 7ಕ್ಕಿಂತ ಮೇಲಿದ್ರೆ ಕ್ಷಾರ, ಕೆಳಗಿದ್ರೆ ಆಮ್ಲ. ತಲೆಚರ್ಮದ್ದು 5ರ ಆಸುಪಾಸು. ಕ್ಷಾರಕ್ಕೆ ಕೂದಲಿನ ಹೊರಪದರದ ಹುರುಪೆ ಎದ್ದು ನಿಲ್ಲುತ್ತೆ. ಬಾಚಣಿಗೆ ಒಳಗೆ ಹೋದ್ರೆ ಹೊರಗೆ ಬರಲ್ಲ."

ಪದ್ಮಾ ಮುಖ ಅರಳ್ತು. "ಅಷ್ಟೇ ತಾನೇ? ಬಾಟಲಿಗೇ ನಿಂಬೆಹಣ್ಣು ಹಿಂಡ್ತೀನಿ!"

"ಹಿಂಡಿದೆಯೋ, ಕೆಟ್ಟೆ!" ಸುಮಾ ಎದ್ದೇ ನಿಂತ್ಲು. "ಆಮ್ಲ ಬಿದ್ದ ತಕ್ಷಣ ಸೋಪು ಒಡೆದು ವಾಪಸ್ ಕೊಬ್ಬಿನಾಮ್ಲ ಆಗುತ್ತೆ. ಹಾಲಿನಂತೆ ಬೆಳ್ಳಗಾಗಿ ಮೇಲೆ ಜಿಡ್ಡು ತೇಲುತ್ತೆ. ಇದ್ದ ಜಿಡ್ಡು ಹೋಗೋದಿರಲಿ, ಇನ್ನೊಂದು ಜಿಡ್ಡು ಗೃಹಪ್ರವೇಶ ಮಾಡುತ್ತೆ. ಸೋಪು ಪೂರ್ತಿ ತೊಳೆದ ಮೇಲೆ ಬೇರೆಯಾಗಿ ಹಾಕು. ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಿನೆಗರ್ ಸಾಕು. ಕಣ್ಣಿಗೆ ಬೀಳಬಾರದು."

"ಈಗ ಚಮಚ ಆಗುತ್ತಾ?"

"ಈಗ ಆಗುತ್ತೆ."

ರಘು ಸೋಲೊಪ್ಪೋನಲ್ಲ. "ಯಾರೋ ಹೇಳ್ತಿದ್ರು, ಮನೆ ಶಾಂಪೂ ಹಾಕಿದ್ರೆ ತಲೆ ಮೇಣ ಸವರಿದ ಹಾಗಾಗುತ್ತಂತೆ."

"ಅದು ಗಡಸು ನೀರಿನ ಕರಾಮತ್ತು. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗಿ ಕೂದಲಿಗೆ ಅಂಟ್ಕೊಳ್ಳುತ್ತೆ. ಜನ ಅದನ್ನೇ ಜಿಡ್ಡು ಅಂದ್ಕೊಂಡು ಇನ್ನಷ್ಟು ಸೋಪು ಸುರೀತಾರೆ, ಗಸಿಯೂ ಇನ್ನಷ್ಟು ಆಗುತ್ತೆ. ನೀರು ತೀರಾ ಗಡಸಾಗಿದ್ರೆ ಈ ಉಸಾಬರಿಯೇ ಬೇಡ, ಅಂಗಡಿ ಶಾಂಪೂನೇ ವಾಸಿ. ಅದರಲ್ಲಿರೋದು ಡಿಟರ್ಜೆಂಟು, ಗಸಿ ಕಟ್ಟಲ್ಲ."

ಮನೆಯಲ್ಲೇ ಮಾಡಿದ್ದೆಲ್ಲ ಸೌಮ್ಯ ಅಂತ ನಂಬಿ ಕೂತಿದ್ದ ಪದ್ಮಾ ಮೆಲ್ಲಗೆ ಕೇಳಿದ್ಲು: "ಇಷ್ಟೆಲ್ಲ ಮಾಡಿದ್ಮೇಲೆ ಜಿಡ್ಡು ಮತ್ತೆ ಬರಲ್ಲ ತಾನೇ?"

"ಯಾಕೆ ಬರಲ್ಲ? ಅದನ್ನ ಸುರಿಸೋದು ಚರ್ಮದೊಳಗಿನ ಗ್ರಂಥಿ. ಅದು ಹಾರ್ಮೋನಿನ ಮಾತು ಕೇಳುತ್ತೆ, ನಿನ್ನ ಶಾಂಪೂ ಮಾತಲ್ಲ."

"ಹಾಗಾದ್ರೆ ತಲೆ ಬೋಳಿಸ್ಕೊಳ್ಳೋದೇ ಸೈ," ಅಂದ ರಘು.

"ಬೋಳಿಸಿದ್ರೂ ಗ್ರಂಥಿ ಅಲ್ಲೇ ಇರುತ್ತೆ ಕಣೋ," ಅಂದ್ಲು ಸುಮಾ. "ಈಗಾದ್ರೂ ಆ ಎಣ್ಣೆ ಬಚ್ಚಿಟ್ಕೊಳ್ಳೋಕೆ ನಾಲ್ಕು ಕೂದಲಿದೆ."