ವೈಫೈ ಲಾಗಿನ್ ಪುಟವನ್ನು ಲ್ಯಾಪ್‌ಟಾಪೇ ತುಂಬಿಕೊಳ್ಳುವ ಹಾಗೆ ಮಾಡಬಹುದಾ?

ಹೊಸನಗರದ ಹುಡುಗ:
ಮಳೆಗಾಲ ಶುರುವಾದರೆ ನಮ್ಮ ಮನೆಯಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ. ಅದಕ್ಕೇ ಶಿವಮೊಗ್ಗಕ್ಕೆ ಬಂದು ಒಂದು ರೀಡಿಂಗ್ ರೂಮಿನಲ್ಲಿ ಕೂತು ಕೆಲಸ ಮಾಡುತ್ತೇನೆ. ಅಲ್ಲಿನ ವೈಫೈ ಅರ್ಧ ಗಂಟೆಗೊಮ್ಮೆ ಮತ್ತೆ ಲಾಗಿನ್ ಕೇಳುತ್ತದೆ. ಮೊನ್ನೆ ದೊಡ್ಡ ಫೈಲ್ ಅಪ್‌ಲೋಡಿಗೆ ಹಾಕಿ ಊಟಕ್ಕೆ ಹೋಗಿದ್ದೆ, ಬಂದು ನೋಡಿದರೆ ಅರ್ಧಕ್ಕೇ ನಿಂತಿದೆ, ಅಷ್ಟರಲ್ಲಿ ಊರಿನ ಕೊನೆಯ ಬಸ್ಸಿನ ಹೊತ್ತಾಗಿತ್ತು. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಲ್ಲ, ಉಬುಂಟು (ಲಿನಕ್ಸ್) ಬಳಸುತ್ತೇನೆ. ಯೂಸರ್‌ನೇಮ್, ಪಾಸ್‌ವರ್ಡ್ ಇದೆ, ಓಟಿಪಿ ಇಲ್ಲ.

ಸಾಗರದಿಂದ:
ಓಟಿಪಿ ಇಲ್ಲ ಅಂದರೆ ಖಂಡಿತ ಆಗುತ್ತದೆ. ಬ್ರೌಸರಿನಲ್ಲಿ ಎಫ್12 ಒತ್ತಿ ನೆಟ್‌ವರ್ಕ್ ಟ್ಯಾಬ್ ತೆರೆದಿಟ್ಟುಕೊಂಡು ಒಮ್ಮೆ ಕೈಯಾರೆ ಲಾಗಿನ್ ಆಗಿ. ಪೋಸ್ಟ್ ಅಂತ ಒಂದು ಸಾಲು ಬರುತ್ತದೆ (ನಿಮ್ಮ ಯೂಸರ್‌ನೇಮ್, ಪಾಸ್‌ವರ್ಡ್ ಹೋಗುವುದು ಇದರಲ್ಲೇ), ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಆ್ಯಸ್ ಕರ್ಲ್ ಕೊಡಿ. ಕರ್ಲ್ ಅಂದರೆ ಬ್ರೌಸರ್ ಇಲ್ಲದೆ ಟರ್ಮಿನಲ್‌ನಿಂದಲೇ ವೆಬ್ ಪುಟಗಳಿಗೆ ಮಾಹಿತಿ ಕಳಿಸುವ, ತರಿಸುವ ಕಮಾಂಡ್. ಹೀಗೆ ಕಾಪಿ ಆದ ಕಮಾಂಡೇ ನಿಮ್ಮ ಸ್ಕ್ರಿಪ್ಟಿನ (ತಾನಾಗಿ ಓಡುವ ಕಮಾಂಡುಗಳ ಫೈಲಿನ) ಮುಖ್ಯ ಭಾಗ. ಕೆಲವು ಪುಟಗಳಲ್ಲಿ ಪ್ರತಿ ಸಲ ಬದಲಾಗುವ ಹಿಡನ್ ಫೀಲ್ಡ್ (ಕಣ್ಣಿಗೆ ಕಾಣದೆ ಲಾಗಿನ್ ಜೊತೆ ಹೋಗುವ ಮಾಹಿತಿ) ಇರುತ್ತದೆ, ಹಾಗಿದ್ದರೆ ಮೊದಲು ಪುಟ ತರಿಸಿ ಅದನ್ನು ಹೆಕ್ಕಿಕೊಳ್ಳಬೇಕು.

ಸುಮ್ನೆ ಪ್ರತಿ ನಿಮಿಷ ಪಾಸ್‌ವರ್ಡ್ ಕಳಿಸಬೇಡಿ. ನೆಟ್ ಇದೆಯಾ ಅಂತ ನೋಡಲು ಆಂಡ್ರಾಯ್ಡ್ ಫೋನ್ ಮಾಡುವ ಹಾಗೆ ಗೂಗಲ್‌ನ ಜನರೇಟ್_204 ವಿಳಾಸವನ್ನು ಕೇಳಿ. ಉತ್ತರದ ಕೋಡ್ 204 ಬಂದರೆ ನೆಟ್ ಇದೆ, 302 (ರೀಡೈರೆಕ್ಟ್, ಅಂದರೆ ಬೇರೆ ಪುಟಕ್ಕೆ ಕಳಿಸುವುದು) ಅಥವಾ 200 ಬಂದರೆ ಮಧ್ಯೆ ಲಾಗಿನ್ ಪುಟ ನಿಂತಿದೆ ಅಂತ ಅರ್ಥ, ಆಗ ಮಾತ್ರ ಲಾಗಿನ್ ಕಳಿಸಿ. ಎಚ್‌ಟಿಟಿಪಿಎಸ್ ಅಲ್ಲ, ಬರೀ ಎಚ್‌ಟಿಟಿಪಿಯಲ್ಲೇ ಕೇಳಬೇಕು, ಇಲ್ಲದಿದ್ದರೆ ರೀಡೈರೆಕ್ಟ್ ಬದಲು ಎರರ್ ಬರುತ್ತದೆ. ಸ್ಕ್ರಿಪ್ಟನ್ನು ಕ್ರಾನ್‌ನಲ್ಲಿ (ಹೇಳಿದ ಹೊತ್ತಿಗೆ ಕಮಾಂಡ್ ತಾನಾಗಿ ಓಡಿಸುವ ಲಿನಕ್ಸ್ ಸೌಲಭ್ಯ) ನಿಮಿಷಕ್ಕೊಮ್ಮೆ ಹಾಕಿದರೆ ಸಾಕು.

ತೀರ್ಥಹಳ್ಳಿ ಮಳೆ:
ಇದು ಸರಿ, ಆದರೆ ವೈಫೈ ಹೆಸರನ್ನು ಮಾತ್ರ ನೋಡಿ ಪಾಸ್‌ವರ್ಡ್ ಕಳಿಸುವ ಸ್ಕ್ರಿಪ್ಟ್ ಬರೆಯಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಯಾರು ಬೇಕಾದರೂ ಅದೇ ಹೆಸರಿನ ಹಾಟ್‌ಸ್ಪಾಟ್ ಆನ್ ಮಾಡಬಹುದು, ಅಲ್ವಾ? ಲಾಗಿನ್ ಪುಟ ಎಚ್‌ಟಿಟಿಪಿಎಸ್ ಆಗಿದ್ದರೆ ಸರ್ಟಿಫಿಕೇಟ್ ಪರೀಕ್ಷೆ (ಪುಟ ಅಸಲಿಯೇ ಅಂತ ನೋಡುವುದು) ಬಿಡಬೇಡಿ, ಅಂದರೆ ಕರ್ಲ್‌ಗೆ ಕೆ ಆಪ್ಶನ್ ಕೊಡಬೇಡಿ. ಪಾಸ್‌ವರ್ಡ್ ಇರುವ ಫೈಲಿಗೆ ಪರ್ಮಿಶನ್ 600 ಇರಲಿ, ಅಂದರೆ ನಿಮ್ಮ ಖಾತೆ ಮಾತ್ರ ಅದನ್ನು ಓದುವ, ಬರೆಯುವ ಹಾಗೆ.

ಇನ್ನೊಂದು ಮಾತು. ಲಾಗಿನ್ ತಾನಾಗಿಯೇ ಆದರೂ ನಡುವೆ ಕಡಿದ ಅಪ್‌ಲೋಡ್ ತಾನಾಗಿ ಮುಂದುವರಿಯುವುದಿಲ್ಲ. ಆ ಕಡೆ ಸರ್ವರಿಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ದಾರಿ) ಇದ್ದರೆ ಫೈಲ್ ಕಳಿಸಲು ಆರ್‌ಸಿಂಕ್ ಕಮಾಂಡ್ ಬಳಸಿ, ಅರ್ಧ ಹೋದ ಫೈಲನ್ನು ಉಳಿಸಿಕೊಳ್ಳುವ ಪಾರ್ಶಿಯಲ್ ಆಪ್ಶನ್ ಕೊಡಿ, ಮತ್ತೆ ಓಡಿಸಿದಾಗ ಹೋದಷ್ಟನ್ನು ಬಿಟ್ಟು ಉಳಿದದ್ದು ಮಾತ್ರ ಹೋಗುತ್ತದೆ. ಅರ್ಧ ಗಂಟೆಯ ಮಿತಿ ಎಲ್ಲರಿಗೂ ಸಿಗಲಿ ಅಂತ ಇಟ್ಟಿದ್ದಾರಾ ಅಂತ ಕೌಂಟರಿನಲ್ಲೂ ಒಮ್ಮೆ ಕೇಳಿ.

ಹೊಸನಗರದ ಹುಡುಗ:
ಕೇಳಿದೆ. ಮತ್ತೆ ಲಾಗಿನ್ ಆಗಬಹುದು, ತೊಂದರೆ ಇಲ್ಲ ಅಂದರು. ಹಿಡನ್ ಫೀಲ್ಡ್ ಇತ್ತು, ಅದಕ್ಕೇ ಎರಡು ಗಂಟೆ ಹಿಡಿಯಿತು. ಎಲ್ಲೋ ನೋಡಿ ಕೆ ಆಪ್ಶನ್ ಹಾಕಿದ್ದೆ, ತೆಗೆದೆ. ಇವತ್ತು ಆರ್‌ಸಿಂಕ್ ಮೂರು ಸಲ ಓಡಿಸಬೇಕಾಯಿತು, ಆದರೆ ಬಸ್ಸಿಗೆ ಮೊದಲೇ ಫೈಲ್ ಪೂರ್ತಿ ಹೋಯಿತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್.