ಗೊಬ್ಬರ ಹಾಕಿದರೆ ಬೆಳೆಗೆ ವಿಕಿರಣ ಸೇರುವುದು ಜಾಸ್ತಿಯಾಗುತ್ತಾ, ಕಡಿಮೆಯಾಗುತ್ತಾ?

ಮಹಡಿತೋಟ_ಜಯನಗರ:
2011ರಲ್ಲಿ ಜಪಾನಿನ ಫುಕುಶಿಮಾ ಅಣು ಸ್ಥಾವರದ ಅವಘಡದ ನಂತರ ಅಲ್ಲಿನ ಗದ್ದೆಗಳಿಗೆ ಪೊಟ್ಯಾಷ್ (ಪೊಟ್ಯಾಸಿಯಂ ಗೊಬ್ಬರ) ಹಾಕಿ ಅಕ್ಕಿಯಲ್ಲಿ ವಿಕಿರಣ ಸೂಸುವ ಸೀಸಿಯಂ ಕಡಿಮೆ ಮಾಡಿದರಂತೆ. ನನಗೆ ತಲೆಗೆ ಹತ್ತಲಿಲ್ಲ. ಗೊಬ್ಬರ ಬಿದ್ದರೆ ಗಿಡ ಹುಲುಸಾಗಿ ಬೆಳೆದು ಇನ್ನೂ ಜಾಸ್ತಿ ಹೀರಬೇಕಲ್ವಾ? ಸಾಲದ್ದಕ್ಕೆ ಪೊಟ್ಯಾಷಿನಲ್ಲೇ ವಿಕಿರಣ ಇದೆ ಅಂತ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹೆದರಿಸುತ್ತಿದ್ದಾರೆ. ಟೊಮೇಟೊ ಕುಂಡಕ್ಕೆ ಹಾಕಲೋ ಬೇಡವೋ?

ಕೆಮ್ಮಣ್ಣು:
ಯಾವ ಗೊಬ್ಬರ ಅನ್ನುವುದರ ಮೇಲೆ ಹೋಗುತ್ತೆ. ಸೀಸಿಯಂ, ಪೊಟ್ಯಾಸಿಯಂ ಎರಡೂ ಒಂದೇ ಗುಂಪಿನ ಧಾತುಗಳು, ಬೇರಿಗೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗಲ್ಲ. ಮಣ್ಣಿನಲ್ಲಿ ಪೊಟ್ಯಾಷ್ ಕೊರತೆ ಇದ್ದರೆ ಹಸಿದ ಬೇರು ಸೀಸಿಯಂ ಅನ್ನೂ ಎಳೆದುಕೊಳ್ಳುತ್ತೆ. ಅದಕ್ಕೇ ಜಪಾನಿನಲ್ಲಿ ಭತ್ತದ ರೈತರಿಗೆ 100 ಗ್ರಾಂ ಮಣ್ಣಿನಲ್ಲಿ ಗಿಡಕ್ಕೆ ಸಿಗುವ ಪೊಟ್ಯಾಷ್ 25 ಮಿಲಿಗ್ರಾಂ ಆದರೂ ಇರಲಿ ಅಂದರು. ಅದು ದಾಟಿದ ಮೇಲೆ ಸುಮ್ನೆ ಸುರಿದರೆ ದುಡ್ಡು ದಂಡ.

ಅಮೋನಿಯಂ ಸಲ್ಫೇಟ್ ಮಾತ್ರ ಉಲ್ಟಾ. ಸೀಸಿಯಂ ಜೇಡಿಯ ಪದರಗಳ ಅಂಚಿನಲ್ಲಿ ಗಟ್ಟಿಯಾಗಿ ಕೂತಿರುತ್ತೆ, ಅಮೋನಿಯಂ ಆ ಸಂದಿಗೇ ನುಗ್ಗಿ ಅದನ್ನು ಎಬ್ಬಿಸಿ ಮಣ್ಣಿನ ನೀರಿಗೆ ಬಿಡುತ್ತೆ, ಆಮೇಲೆ ಬೇರಿಗೆ ಸಲೀಸು. ಅಂದರೆ ಅಮೋನಿಯಂ ರೂಪದ ಸಾರಜನಕದ ವಿಷಯದಲ್ಲಿ ನಿಮ್ಮ ಅನುಮಾನ ಸರಿಯೇ.

ರಾಗಿರೊಟ್ಟಿ:
ಅಣು ಅವಘಡದಲ್ಲಿ ಹೊರಬರುವ ಇನ್ನೊಂದು ವಿಕಿರಣ ಧಾತು ಸ್ಟ್ರಾನ್ಷಿಯಂ-90 ಇದ್ದರೆ ಪೊಟ್ಯಾಷ್ ನಂಬಿ ಕೂರಬೇಡಿ. ಅದು ಕ್ಯಾಲ್ಸಿಯಂ ಕಡೆಯದು, ಹುಳಿ ಮಣ್ಣಿಗೆ ಕ್ಯಾಲ್ಸಿಯಂ ಇರುವ ಸುಣ್ಣ ಹಾಕಬೇಕು. 1986ರ ಚೆರ್ನೋಬಿಲ್ ಅಣು ಅವಘಡದ ನಂತರ ಅಲ್ಲಿನ ಹೊಲಗಳಿಗೆ ಸುಣ್ಣ, ಪೊಟ್ಯಾಷ್ ಎರಡೂ ಹಾಕಿದರು. ಇದರಿಂದ ವಿಕಿರಣ ಮಣ್ಣು ಬಿಟ್ಟು ಹೋಗಲ್ಲ, ಗಿಡಕ್ಕೆ ಹತ್ತುವುದು ಕಡಿಮೆ ಆಗುತ್ತೆ ಅಷ್ಟೆ. ಸೀಸಿಯಂ-137 ಅರ್ಧ ಆಗೋಕೇ ಸುಮಾರು 30 ವರ್ಷ ಬೇಕು.

ಮಹಡಿತೋಟ_ಜಯನಗರ:
ಅರ್ಥ ಆಯ್ತು. ವಾಟ್ಸಾಪ್ ಅಂಕಲ್‌ಗೆ ಏನು ಹೇಳಲಿ?

ಕೆಮ್ಮಣ್ಣು:
ಅವರು ಹೇಳಿದ್ದು ಸುಳ್ಳಲ್ಲ, ಹೆದರಿಕೆ ಸುಳ್ಳು. ಪೊಟ್ಯಾಸಿಯಂ ಎಲ್ಲೇ ಇರಲಿ, ಅದರಲ್ಲಿ 0.012% ವಿಕಿರಣ ಸೂಸುವ ಬಗೆಯಾದ ಪೊಟ್ಯಾಸಿಯಂ-40 ಇರುತ್ತೆ. ಎಳನೀರಿನಲ್ಲೂ ಇದೆ, ಅಂಕಲ್ ಮೈಯಲ್ಲೂ ಇದೆ. ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ದೇಹ ಮೂತ್ರದಲ್ಲಿ ಹೊರಗೆ ಹಾಕುತ್ತೆ. ಫಾಸ್ಫೇಟ್ ಗೊಬ್ಬರದಲ್ಲೂ ಕಲ್ಲಿನಿಂದ ಬಂದ ಯುರೇನಿಯಂ ಸ್ವಲ್ಪ ಇರುತ್ತೆ, ಅದು ಹೆಚ್ಚಾಗಿ ಬೇರಿನಲ್ಲೇ ಉಳಿಯುತ್ತೆ, ಹಣ್ಣಿಗೆ ಏರುವುದು ತೀರಾ ಕಡಿಮೆ.

ಬೆಂಗಳೂರಿನ ಕುಂಡದಲ್ಲಿ ಸೀಸಿಯಂ ಚಿಂತೆ ಬಿಡಿ. ಟೊಮೇಟೊಗೆ ಪೊಟ್ಯಾಷ್ ಬೇಕೇ ಬೇಕು. ಎಂಒಪಿ (ಪೊಟ್ಯಾಸಿಯಂ ಕ್ಲೋರೈಡ್) ಬದಲು ಎಸ್‌ಒಪಿ (ಪೊಟ್ಯಾಸಿಯಂ ಸಲ್ಫೇಟ್) ತನ್ನಿ, ಕುಂಡದಲ್ಲಿ ಕ್ಲೋರೈಡ್ ಕಾಟ ಇರಲ್ಲ.