ಐದು ದೇಶಕ್ಕೆ ಒಂದೇ ಕೊನೆಯ ಕೋರ್ಟು: ಅಲ್ಲಿನ ನ್ಯಾಯಾಧೀಶರನ್ನು ನಂಬುವುದು ಹೇಗೆ?

ಬದಿಯಡ್ಕದ ಹುಡುಗಿ:
ಎಲ್ಲರಿಗೂ ನಮಸ್ಕಾರ. ಎಲ್‌ಎಲ್‌ಬಿ ಓದುತ್ತಿದ್ದೇನೆ. ಬರುವ ವಾರ ಕ್ಲಾಸಿನಲ್ಲಿ ಕೆರಿಬಿಯನ್ ನ್ಯಾಯಾಲಯದ ಬಗ್ಗೆ ಮಾತಾಡಬೇಕು. ಟ್ರಿನಿಡಾಡಿನ ಪೋರ್ಟ್ ಆಫ್ ಸ್ಪೇನ್‌ನಲ್ಲಿ 2005ರಲ್ಲಿ ಶುರುವಾದದ್ದು. ಬಾರ್ಬಡೋಸ್, ಗಯಾನಾ, ಬೆಲೀಜ್, ಡೊಮಿನಿಕಾ, ಸೇಂಟ್ ಲೂಸಿಯಾ ಇಷ್ಟೂ ದೇಶದವರಿಗೆ ಕೊನೆಯ ಮೇಲ್ಮನವಿ ಅಲ್ಲೇ. ಇಷ್ಟು ಸರಕಾರಗಳ ನಡುವೆ ಕೂತವರು ಯಾರ ಮುಲಾಜಿಗೂ ಬೀಳದೆ ತೀರ್ಪು ಕೊಡುವುದು ಹೇಗೆ? ಸಂಬಳ ಕೊಡುವವರು ಯಾರು?

ಕೇಳುವುದಕ್ಕೆ ಕಾರಣ ಉಂಟು. ಅಜ್ಜನ ಜಾಗದ ವ್ಯಾಜ್ಯ ಅಪೀಲಿಗೆ ಎರ್ನಾಕುಳಂ ತನಕ ಹೋಯಿತು. ಆಧಾರ ಕನ್ನಡದಲ್ಲಿತ್ತು. ‘ತೆಂಕು ಗಡಿಗೆ ಗದ್ದೆಹುಣಿ’, ಅಂದರೆ ಗದ್ದೆಯ ಬದು, ಅಂತ ಇದ್ದದ್ದನ್ನು ಇಂಗ್ಲಿಷಿಗೆ ಮಾಡಿಕೊಟ್ಟವರು ‘ಗೋಡೆ’ ಅಂತ ಬರೆದಿದ್ದರು. ಇಲ್ಲದ ಗೋಡೆಗಾಗಿ ಅಜ್ಜ ಎರಡು ಸಲ ರಾತ್ರಿ ರೈಲು ಹತ್ತಿದರು. ದೂರದ ಕೋರ್ಟು ಅಂದರೆ ನನಗೆ ಅಂದಿನಿಂದ ಹೆದರಿಕೆ.

ವಿದ್ಯಾನಗರದ ವಕೀಲ:
ತಂಗೀ, ಸಂಬಳದಿಂದಲೇ ಶುರು ಮಾಡಿ, ಅದರ ಜೀವ ಇರುವುದೇ ಅಲ್ಲಿ. ಸರಕಾರಗಳು ತಿಂಗಳು ತಿಂಗಳು ಕೊಡುವ ಹಣದಿಂದ ಆ ಕೋರ್ಟು ನಡೆಯುವುದಿಲ್ಲ. ಕೆರಿಬಿಯನ್ ಅಭಿವೃದ್ಧಿ ಬ್ಯಾಂಕಿನ ಮೂಲಕ 10 ಕೋಟಿ ಅಮೆರಿಕನ್ ಡಾಲರ್ ಎತ್ತಿ ಒಂದು ಟ್ರಸ್ಟ್ ನಿಧಿ ಮಾಡಿದರು, ಸಂಬಳ, ಖರ್ಚು ಎಲ್ಲ ಅದರ ಆದಾಯದಿಂದ. ತೀರ್ಪು ಹಿಡಿಸಲಿಲ್ಲ ಅಂತ ಯಾವ ಪ್ರಧಾನಿಯೂ ದುಡ್ಡು ತಡೆಹಿಡಿಯುವ ಹಾಗಿಲ್ಲ. ನ್ಯಾಯಾಧೀಶರನ್ನು ಆರಿಸುವುದು ಒಂದು ಸ್ವತಂತ್ರ ಆಯೋಗ. ಅಧ್ಯಕ್ಷರ ನೇಮಕಕ್ಕೆ ಮಾತ್ರ ಸರಕಾರಗಳ ಮುಕ್ಕಾಲು ಬಹುಮತ ಬೇಕು, ಅದೂ ಆಯೋಗ ಹೇಳಿದ ಹೆಸರಿಗೆ.

ಮೈರಿ ಕೇಸನ್ನು ಬಿಡಬೇಡಿ. ಜಮೈಕಾದ ಹೆಣ್ಣುಮಗಳು 2011ರಲ್ಲಿ ಬಾರ್ಬಡೋಸಿಗೆ ಹೋದಾಗ ವಿಮಾನ ನಿಲ್ದಾಣದಲ್ಲೇ ಅವಮಾನ ಮಾಡಿ, ರಾತ್ರಿ ಕೂಡಿಹಾಕಿ, ಮರುದಿನ ವಾಪಸು ಕಳಿಸಿದರು. ಇದು ಅಪೀಲಲ್ಲ, ಕೆರಿಬಿಯನ್ ದೇಶಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದದ ಹಕ್ಕಿನ ಮೇಲೆ ನೇರ ಹಾಕಿದ ದಾವೆ. ನ್ಯಾಯಾಧೀಶರೇ ಕಿಂಗ್‌ಸ್ಟನ್‌ಗೆ ಹೋಗಿ ಸಾಕ್ಷಿ ಕೇಳಿದರು, ಆಮೇಲೆ ಬ್ರಿಡ್ಜ್‌ಟೌನ್‌ಗೆ. 2013ರಲ್ಲಿ 77,240 ಬಾರ್ಬಡೋಸ್ ಡಾಲರ್ ಪರಿಹಾರ ಕೊಡಿಸಿದರು. ಕಕ್ಷಿದಾರಳ ಊರಿಗೇ ಕೋರ್ಟು ನಡೆದು ಬಂತಲ್ಲ, ಅದನ್ನು ಓದಿದ ದಿನ ನನಗೆ ನಮ್ಮ ಊರಿನ ಎಷ್ಟೋ ಮುದುಕರ ಮುಖ ನೆನಪಾಯಿತು.

ಮಂಜೇಶ್ವರದವ:
ವಕೀಲರು ಹೇಳಿದ್ದು ಸರಿ, ಆದರೆ ಇನ್ನೊಂದು ಮಗ್ಗುಲೂ ಹೇಳಿ. ಕೋರ್ಟು ಕೂತಿರುವ ಟ್ರಿನಿಡಾಡಿನ ಅಪೀಲುಗಳೇ ಇನ್ನೂ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ, ಅಂದರೆ ಬ್ರಿಟಿಷರ ಕಾಲದಿಂದ ಇರುವ ಕೊನೆಯ ಅಪೀಲು ಕೋರ್ಟಿಗೆ, ಹೋಗುತ್ತವೆ. ಗ್ರೆನಡಾದ ಜನ 2016ರಲ್ಲೂ 2018ರಲ್ಲೂ ಮತ ಹಾಕಿ ಕೆರಿಬಿಯನ್ ಕೋರ್ಟು ಬೇಡ ಅಂದರು, ಆಂಟಿಗುವಾದವರೂ 2018ರಲ್ಲಿ ಹಾಗೇ. ಹತ್ತಿರದವರಿಗಿಂತ ದೂರದವರೇ ನಿಷ್ಪಕ್ಷಪಾತಿ ಅನ್ನುವ ಭಾವನೆ ಸುಲಭಕ್ಕೆ ಹೋಗುವುದಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರುವ ಮೊದಲು ನಮ್ಮ ಹಿರಿಯರ ಅಪೀಲುಗಳು ಮದ್ರಾಸಿಗೆ ಹೋಗುತ್ತಿದ್ದವು. ನನ್ನ ದೊಡ್ಡಪ್ಪ ಕೊನೆಯವರೆಗೂ ‘ಮದ್ರಾಸಿನ ತೀರ್ಪು’ ಅಂತ ಗೌರವದಿಂದಲೇ ಹೇಳುತ್ತಿದ್ದರು.

ಬದಿಯಡ್ಕದ ಹುಡುಗಿ:
ಇಬ್ಬರಿಗೂ ತುಂಬ ಉಪಕಾರ ಆಯಿತು. ಸಾರ್, ಮೈರಿ ಕೇಸಿನಿಂದಲೇ ಮಾತು ಶುರು ಮಾಡುತ್ತೇನೆ, ಗ್ರೆನಡಾದ ಮತವನ್ನೂ ಸೇರಿಸುತ್ತೇನೆ.

ಅಜ್ಜನ ಗೋಡೆ ಏನಾಯಿತು ಅಂತ ಹೇಳಲು ಮರೆತೆ. ಕೆಳಕೋರ್ಟಿನ ಕಮಿಷನರ್ ಮೊದಲೇ ಸ್ಥಳಕ್ಕೆ ಬಂದಿದ್ದರು, ಆಟಿ ತಿಂಗಳ ಮಳೆಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು, ಅದೇ ಹುಣಿಯ ಮೇಲೆ ನಡೆದುಕೊಂಡು. ಅವರು ಬರೆದ ನಕ್ಷೆ ಕಡತದಲ್ಲೇ ಇತ್ತು. ಅದನ್ನು ತೆಗೆದು ತೋರಿಸಿದ ಮೇಲೆ ಗೋಡೆಯ ಮಾತು ಮತ್ತೆ ಬರಲಿಲ್ಲ.